ಪಕ್ಕದಲ್ಲಿ ಕೂತ ಮೇಷ್ಟ್ರು

ದ್ವೊರ್ಜಾಕ್‌ನ ಚೆಲ್ಲೊ ಕಾನ್ಚೆರ್ಟೊವನ್ನು ನಾನು ಮೊದಲು ಕೇಳಿದ್ದು ಒಂದು ಹಳೇ ಕ್ಯಾಸೆಟ್ಟಿನಲ್ಲಿ. ಮುಂಬೈಯ ಫೋರ್ಟ್ ಕಡೆ ಫುಟ್‌ಪಾತಿನಲ್ಲಿ ಪುಸ್ತಕ ಮಾರುವವನೊಬ್ಬ ಪುಸ್ತಕದ ರಾಶಿಯ ಪಕ್ಕ ಒಂದು ರಟ್ಟಿನ ಡಬ್ಬಿಯಲ್ಲಿ ಕ್ಯಾಸೆಟ್ಟುಗಳನ್ನೂ ಇಟ್ಟಿರುತ್ತಿದ್ದ. ತೆಗೆದುಕೊಂಡದ್ದು ಸಂಗೀತ ಗೊತ್ತಿದ್ದುದಕ್ಕಲ್ಲ, ಅಗ್ಗವಾಗಿತ್ತು ಎಂದು. ಒಳಗೆ ಮಡಚಿಟ್ಟ ಕಾಗದದಲ್ಲಿ ಹನುಷ್ ವಿಹಾನ್ ಎಂಬವನ ಬಗ್ಗೆ ಎರಡೇ ಎರಡು ವಾಕ್ಯ ಇದ್ದವು. ಕೃತಿಯನ್ನು ಅವನಿಗೆ ಅರ್ಪಿಸಲಾಗಿದೆ ಎಂಬುದು ಒಂದು. ಆತ ಅದರೊಳಗೆ ತನ್ನ ಸ್ವಂತ ಕ್ಯಾಡೆನ್ಸಾ ತುರುಕಲು ಹೋಗಿ ದ್ವೊರ್ಜಾಕ್‌ನ ಸಿಟ್ಟಿಗೆ ಗುರಿಯಾದ, ಮೊದಲ ಪ್ರದರ್ಶನ ಬೇರೊಬ್ಬನ ಪಾಲಾಯಿತು ಎಂಬುದು ಇನ್ನೊಂದು.

ವರ್ಷಗಳು ಕಳೆದವು, ಕ್ಯಾಸೆಟ್ ಹೋಯಿತು, ಸಿ.ಡಿ. ಬಂದು ಅದೂ ಹೋಯಿತು. ಈಗ ಫೋನಿನಲ್ಲಿ ಕೇಳುತ್ತೇನೆ. ಆದರೆ ವಿಹಾನ್ ಬಗ್ಗೆ ಎಲ್ಲಿ ಓದಿದರೂ ಬಹುತೇಕ ಅದೇ ಎರಡು ವಾಕ್ಯ. ದೊಡ್ಡ ಅವಕಾಶ ಕಳೆದುಕೊಂಡ ಮನುಷ್ಯ, ತನ್ನ ಅಹಂಕಾರದಿಂದ ಕೆಟ್ಟ ಮನುಷ್ಯ. ಈ ತೀರ್ಪು ತಪ್ಪು ಎಂದು ನನಗೆ ಅನ್ನಿಸುತ್ತದೆ. ವಿವರಗಳಲ್ಲಷ್ಟೇ ಅಲ್ಲ, ಸಂಗೀತಗಾರನೊಬ್ಬನ ಬದುಕನ್ನು ಯಾವ ಕೋಲಿನಿಂದ ಅಳೆಯಬೇಕು ಎನ್ನುವುದರಲ್ಲೇ ತಪ್ಪು.

ವಿಹಾನ್ ಹುಟ್ಟಿದ್ದು 1855ರ ಜೂನ್ 5ರಂದು, ಈಶಾನ್ಯ ಬೊಹೀಮಿಯಾದ ಪೊಲಿತ್ಸೆ ನಾಡ್ ಮೆತುಯೀ ಎಂಬ ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಗೆ ಸೇರಿದ ನೆಲ. ಬೊಹೀಮಿಯಾ ಇಡೀ ಯುರೋಪಿಗೆ ಸಂಗೀತಶಾಲೆ ಇದ್ದ ಹಾಗೆ ಎಂಬ ಮಾತು ಹದಿನೆಂಟನೇ ಶತಮಾನದಿಂದಲೇ ಚಾಲ್ತಿಯಲ್ಲಿತ್ತು. ಕೇಳಲು ಹೊಗಳಿಕೆಯಂತಿರುವ ಈ ಮಾತಿನೊಳಗೆ ಒಂದು ನೋವೂ ಇದೆ. ಶಾಲೆ ಅಂದರೆ ಕಲಿತವರು ಅಲ್ಲಿ ಉಳಿಯುವುದಿಲ್ಲ. ಕಲಿತು ಹೊರಗೆ ಹೋಗುತ್ತಾರೆ. ವಿಯೆನ್ನಾ, ಮ್ಯೂನಿಕ್, ಬರ್ಲಿನ್, ಪೀಟರ್ಸ್‌ಬರ್ಗ್, ಎಲ್ಲೆಲ್ಲಿ ಆರ್ಕೆಸ್ಟ್ರಾಗಳಿದ್ದವೋ ಅಲ್ಲೆಲ್ಲ ಚೆಕ್ ವಾದಕರಿದ್ದರು. 1811ರಲ್ಲಿ ಪಾಠ ಶುರುಮಾಡಿದ ಪ್ರಾಗ್ ಕನ್ಸರ್ವೇಟರಿಯನ್ನು ಅಲ್ಲಿನ ಶ್ರೀಮಂತ ಮನೆತನದವರು ಸೇರಿ ಕಟ್ಟಿದ್ದೇ ಆರ್ಕೆಸ್ಟ್ರಾಗಳಿಗೆ ಒಳ್ಳೆಯ ವಾದಕರು ಬೇಕು ಎಂಬ ಉದ್ದೇಶದಿಂದ. ಮೇಧಾವಿಗಳನ್ನು ತಯಾರಿಸುತ್ತೇವೆ ಎಂದು ಯಾರೂ ಅಲ್ಲಿ ಡಂಗುರ ಹೊಡೆಯಲಿಲ್ಲ. ಸಾಲಿನಲ್ಲಿ ಕೂತು ಪಕ್ಕದವನ ಜೊತೆ ಒಂದೇ ಉಸಿರಿನಲ್ಲಿ ನುಡಿಸಬಲ್ಲವರು ಬೇಕಿದ್ದರು. ವಿಹಾನ್ ಅಲ್ಲಿ ಫ್ರಾಂಟಿಶೆಕ್ ಹೆಗೆನ್‌ಬಾರ್ತ್ ಎಂಬ ಚೆಲ್ಲೊ ಮೇಷ್ಟ್ರ ಕೈಯಲ್ಲಿ ಕಲಿತ.

ಕಲಿತವನು ಹದಿನೆಂಟಕ್ಕೇ ಮೇಷ್ಟ್ರಾದ. 1873ರಲ್ಲಿ ಸಾಲ್ಜ್‌ಬರ್ಗ್‌ನ ಮೊಜಾರ್ಟೆಯಂನಲ್ಲಿ ಪಾಠ ಹೇಳುವ ಕೆಲಸ. ಅಲ್ಲಿಂದ ಮುಂದಿನ ದಾರಿ ಓದಿದರೆ ನಮ್ಮಲ್ಲಿ ಅನೇಕರಿಗೆ ನಗು ಬರಬಹುದು, ಏಕೆಂದರೆ ನಮ್ಮ ಬಯೋಡಾಟಾಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಫ್ರಾನ್ಸಿನ ನೀಸ್‌ನಲ್ಲಿ, ರಷ್ಯಾದ ರೈಲ್ವೆಯಲ್ಲಿ ಹಣ ಮಾಡಿದ ಬ್ಯಾರನ್ ಒಬ್ಬ ಮನೆಯಲ್ಲೇ ಸಾಕಿಕೊಂಡಿದ್ದ ಖಾಸಗಿ ಆರ್ಕೆಸ್ಟ್ರಾದಲ್ಲಿ ಸ್ವಲ್ಪ ಕಾಲ. ಬರ್ಲಿನ್‌ನಲ್ಲಿ ಬಿಲ್ಸೆಯ ಆರ್ಕೆಸ್ಟ್ರಾದಲ್ಲಿ ಸ್ವಲ್ಪ ಕಾಲ. ಜೋಂಡರ್ಸ್‌ಹೌಸನ್ ಎಂಬ ಪುಟ್ಟ ಜರ್ಮನ್ ಸಂಸ್ಥಾನದ ಆಸ್ಥಾನದಲ್ಲಿ ಸ್ವಲ್ಪ ಕಾಲ. ಕೊನೆಗೆ 1880ರಲ್ಲಿ ಮ್ಯೂನಿಕ್‌ನ ಆಸ್ಥಾನ ಆರ್ಕೆಸ್ಟ್ರಾದ ಮೊದಲ ಚೆಲ್ಲೊ ಕುರ್ಚಿ. ಆಗ ವಯಸ್ಸು ಇಪ್ಪತ್ತೈದು.

ಅದೇ ಆರ್ಕೆಸ್ಟ್ರಾದಲ್ಲಿ ಹಾರ್ನ್ ನುಡಿಸುತ್ತಿದ್ದವನು ಫ್ರಾಂಜ್ ಸ್ಟ್ರೌಸ್. ಅವನ ಮಗ ರಿಚರ್ಡ್ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಹುಡುಗ ಒಂದು ಚೆಲ್ಲೊ ಸೊನಾಟಾ ಬರೆದ, ಅಪ್ಪನ ಸಹೋದ್ಯೋಗಿಗೆ ಅದನ್ನು ಅರ್ಪಿಸಿದ. 1883ರ ಡಿಸೆಂಬರ್ 8ರಂದು ನ್ಯೂರೆಂಬರ್ಗ್‌ನಲ್ಲಿ ವಿಹಾನ್ ಅದನ್ನು ಮೊದಲ ಬಾರಿ ನುಡಿಸಿದಾಗ ರಿಚರ್ಡ್ ಸ್ಟ್ರೌಸ್‌ಗೆ ಹತ್ತೊಂಬತ್ತು ವರ್ಷ. (ವಿಹಾನ್‌ನ ಹೆಂಡತಿ ಡೋರಾ ಪಿಯಾನೊ ವಾದಕಿ. ಆಕೆಗೂ ಸ್ಟ್ರೌಸ್‌ಗೂ ಇದ್ದ ಸ್ನೇಹದ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ, ನನಗೆ ಅದರಲ್ಲಿ ಆಸಕ್ತಿಯಿಲ್ಲ.) ನನ್ನ ಗಮನ ಸೆಳೆಯುವುದು ಅರ್ಪಣೆಯಲ್ಲಿರುವ ಹೆಸರು. ಸ್ಟ್ರೌಸ್‌ನ ಸೊನಾಟಾ ಅರ್ಪಿತವಾಗಿರುವುದು ಹಾನ್ಸ್ ವಿಹಾನ್‌ಗೆ. ಹನ್ನೆರಡು ವರ್ಷಗಳ ಮೇಲೆ ದ್ವೊರ್ಜಾಕ್‌ನ ಕಾನ್ಚೆರ್ಟೊ ಅರ್ಪಿತವಾದದ್ದು ಹನುಷ್ ವಿಹಾನ್‌ಗೆ. ಮನುಷ್ಯ ಒಬ್ಬನೇ. ಮ್ಯೂನಿಕ್‌ನಲ್ಲಿ ಹಾನ್ಸ್, ಪ್ರಾಗ್‌ನಲ್ಲಿ ಹನುಷ್. ಆಫೀಸಿನಲ್ಲೊಂದು ಮನೆಯಲ್ಲೊಂದು ಹೆಸರಿಟ್ಟುಕೊಂಡು ಬದುಕುವ, ಊರಿನ ಹೆಸರನ್ನು ಇನಿಶಿಯಲ್ಲಿನೊಳಗೆ ಮಡಚಿಟ್ಟುಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1888ರಲ್ಲಿ ಆತ ಮ್ಯೂನಿಕ್ ಬಿಟ್ಟು ಪ್ರಾಗ್‌ಗೆ ವಾಪಸಾದ. ತಾನು ಕಲಿತ ಕನ್ಸರ್ವೇಟರಿಯಲ್ಲಿ, ತನಗೆ ಕಲಿಸಿದ ಹೆಗೆನ್‌ಬಾರ್ತ್‌ನ ಸ್ಥಾನದಲ್ಲಿ ಚೆಲ್ಲೊ ಪ್ರಾಧ್ಯಾಪಕನಾಗಿ. ಮ್ಯೂನಿಕ್ ಆಗ ವಾಗ್ನರ್‌ನ ಸಂಗೀತ ಮೊಳಗುತ್ತಿದ್ದ ಊರು, ಅಲ್ಲಿನ ಮೊದಲ ಚೆಲ್ಲೊ ಕುರ್ಚಿಯನ್ನು ಮೂವತ್ಮೂರನೇ ವಯಸ್ಸಿನಲ್ಲಿ ಬಿಟ್ಟು ಬರುವುದು ಸಣ್ಣ ಮಾತಲ್ಲ. ಆತನ ಬದುಕಿನ ಅಸಲಿ ಕೆಲಸ ಶುರುವಾಗುವುದು ಇಲ್ಲಿಂದ ಎಂದು ನಾನು ಹೇಳುತ್ತೇನೆ. ಕ್ಯಾಸೆಟ್ಟಿನ ಕಾಗದ ಹೇಳದೆ ಬಿಟ್ಟದ್ದೂ ಇದನ್ನೇ.

ಕನ್ಸರ್ವೇಟರಿಯಲ್ಲಿ ವಿಹಾನ್ ಚೆಲ್ಲೊ ಜೊತೆಗೆ ಚೇಂಬರ್ ಸಂಗೀತವನ್ನೂ ಕಲಿಸುತ್ತಿದ್ದ. ಮೂರೋ ನಾಲ್ಕೋ ಜನ ಕೂತು, ಕಂಡಕ್ಟರ್ ಇಲ್ಲದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವ ಸಂಗೀತ ಅದು. 1891ರಲ್ಲಿ ಆ ತರಗತಿಯಿಂದ ನಾಲ್ವರು ಹುಡುಗರ ಒಂದು ತಂಡ ಹೊರಬಂತು. ಪಿಟೀಲಿಗೆ ಕಾರೆಲ್ ಹಾಫ್‌ಮನ್ ಮತ್ತು ಯೋಸೆಫ್ ಸುಕ್, ವಯೋಲಾಕ್ಕೆ ಒಸ್ಕಾರ್ ನೆಡ್‌ಬಾಲ್, ಚೆಲ್ಲೊಗೆ ವಿಹಾನ್‌ನ ಶಿಷ್ಯ ಒಟ್ಟೊ ಬೆರ್ಗರ್. ಹದಿನೇಳರಿಂದ ಹತ್ತೊಂಬತ್ತರ ಒಳಗಿನ ವಯಸ್ಸಿನವರು. ಚೆಕ್ ಕ್ವಾರ್ಟೆಟ್ ಎಂದು ಹೆಸರಾದ ಈ ತಂಡ 1893ರಲ್ಲಿ ವಿಯೆನ್ನಾದಲ್ಲಿ ನುಡಿಸಿದಾಗ, ಸಾಮ್ರಾಜ್ಯದ ಮೂಲೆಯ ಭಾಷೆಯಾಡುವ ಈ ಹುಡುಗರನ್ನು ರಾಜಧಾನಿ ಬೆರಗಿನಿಂದ ಕೇಳಿತು.

ಆಮೇಲೆ ಬೆರ್ಗರ್‌ಗೆ ಕಾಯಿಲೆ ಬಂತು. ಕ್ಷಯ. ಹುಡುಗ ಚೆಲ್ಲೊ ಎತ್ತಲಾರದ ಸ್ಥಿತಿಗೆ ಬಂದ. 1897ರಲ್ಲಿ, ಇಪ್ಪತ್ತನಾಲ್ಕು ತುಂಬುವ ಹೊತ್ತಿಗೆ, ತೀರಿಕೊಂಡ. ಅವನ ಕುರ್ಚಿ ಖಾಲಿಯಾದಾಗ, 1894ರಲ್ಲಿ, ಅದರಲ್ಲಿ ಬಂದು ಕೂತವನು ಅವನ ಗುರು.

ಈ ದೃಶ್ಯವನ್ನು ಸ್ವಲ್ಪ ಹೊತ್ತು ಕಣ್ಣ ಮುಂದೆ ತಂದುಕೊಳ್ಳಿ. ವಿಹಾನ್‌ಗೆ ಮೂವತ್ತೊಂಬತ್ತು. ಸುಕ್ ಮತ್ತು ನೆಡ್‌ಬಾಲ್‌ಗೆ ಇಪ್ಪತ್ತು, ಹಾಫ್‌ಮನ್‌ಗೆ ಇಪ್ಪತ್ತೆರಡು. ನಿನ್ನೆಯವರೆಗೆ ತರಗತಿಯಲ್ಲಿ ತಪ್ಪು ತಿದ್ದುತ್ತಿದ್ದವನು ಇವತ್ತು ಅವರಲ್ಲಿ ಒಬ್ಬ. ಕ್ವಾರ್ಟೆಟ್‌ನಲ್ಲಿ ಮುಂದಾಳು ಮೊದಲ ಪಿಟೀಲು. ವೇಗ, ತಡೆ, ಉಸಿರು ಹೆಚ್ಚಾಗಿ ಅವನ ಕೈಯಲ್ಲಿ. ಅಂದರೆ ಹಾಫ್‌ಮನ್ ಎಂಬ ಹುಡುಗ ಬಿಲ್ಲು ಎತ್ತಿದಾಗ ಅವನ ಮೇಷ್ಟ್ರು ಅವನನ್ನು ನೋಡಿ ಶುರುಮಾಡಬೇಕು. ಚೆಲ್ಲೊ ಕೆಳಗಿನ ಸ್ವರ ಹಿಡಿಯುತ್ತದೆ. ಮೇಲಿನ ಮೂವರು ತಮ್ಮ ಶ್ರುತಿಯನ್ನು ಕೂರಿಸುವುದು ಆ ಸ್ವರದ ಮೇಲೆ. ಸರಿಯಾಗಿದ್ದಾಗ ಯಾರೂ ಅದನ್ನು ಗಮನಿಸುವುದಿಲ್ಲ, ಕೂದಲೆಳೆಯಷ್ಟು ತಪ್ಪಿದರೆ ಇಡೀ ಮನೆ ಅಲುಗುತ್ತದೆ. ಈ ಕೆಲಸವನ್ನು ಆತ ಸುಮಾರು ಇಪ್ಪತ್ತು ವರ್ಷ ಮಾಡಿದ.

ಸ್ಮೆತಾನಾ 1876ರಲ್ಲಿ, ಕಿವುಡನಾದ ಮೇಲೆ ಬರೆದ ‘ನನ್ನ ಬದುಕಿನಿಂದ’ ಎಂಬ ಕ್ವಾರ್ಟೆಟ್ ಈ ತಂಡದ ಮುಖ್ಯ ಕೃತಿಗಳಲ್ಲೊಂದು. ಮೊದಲಿಗೇ ಮಾತೆತ್ತುವುದು ವಯೋಲಾ. ಕೊನೆಯ ಭಾಗದಲ್ಲಿ, ಹಬ್ಬದ ಗದ್ದಲದ ನಡುವೆ ಎಲ್ಲವೂ ಥಟ್ಟನೆ ನಿಂತು, ಮೊದಲ ಪಿಟೀಲು ಒಂದೇ ಒಂದು ಎತ್ತರದ ಸ್ವರವನ್ನು ಎಳೆಯುತ್ತದೆ. ಸ್ಮೆತಾನಾನ ಕಿವಿಯಲ್ಲಿ ಕಿವುಡಿಗೆ ಮುಂಚೆ ಮೊರೆದ ಸ್ವರ ಅದು. ಆಗ ಉಳಿದ ಮೂವರದು ಬರೀ ನಡುಕ. ಕೇಳುಗರ ನೆನಪಿನಲ್ಲಿ ಉಳಿಯುವುದು ಆ ಮೇಲಿನ ಸ್ವರ. ಆದರೆ ಕೆಳಗಿನ ಆ ನಡುಕ ಇಲ್ಲದಿದ್ದರೆ ಅದು ಯಾರೋ ಸೀಟಿ ಹೊಡೆದ ಹಾಗೆ ಕೇಳಿಸೀತು.

ಈಗ ಜಗಳದ ಕಥೆಗೆ ಬರುತ್ತೇನೆ.

ದ್ವೊರ್ಜಾಕ್‌ಗೂ ವಿಹಾನ್‌ಗೂ ಇದ್ದದ್ದು ಕೃತಿಕಾರ ಮತ್ತು ವಾದಕನ ಸಂಬಂಧವಷ್ಟೇ ಅಲ್ಲ. ಇಬ್ಬರೂ ಒಟ್ಟಿಗೆ ಕೂತು ನುಡಿಸಿದವರು. 1891ರ ಏಪ್ರಿಲ್‌ನಲ್ಲಿ ‘ದುಮ್ಕಿ’ ಟ್ರಿಯೊ ಮೊದಲ ಬಾರಿ ಪ್ರಾಗ್‌ನಲ್ಲಿ ಕೇಳಿಸಿದಾಗ ಪಿಯಾನೊದಲ್ಲಿ ದ್ವೊರ್ಜಾಕ್, ಪಿಟೀಲಿನಲ್ಲಿ ಫರ್ಡಿನಾಂಡ್ ಲಾಖ್ನರ್, ಚೆಲ್ಲೊದಲ್ಲಿ ವಿಹಾನ್. ಅಮೆರಿಕಕ್ಕೆ ಹೊರಡುವ ಮೊದಲು, 1892ರ ಜನವರಿಯಿಂದ ಮೇವರೆಗೆ, ಈ ಮೂವರು ಬೊಹೀಮಿಯಾ ಮೊರಾವಿಯಾಗಳ ಊರೂರು ಸುತ್ತಿ ಸುಮಾರು 40 ಕಛೇರಿ ಕೊಟ್ಟರು. ನ್ಯೂಯಾರ್ಕ್‌ಗೆ ಹೊರಟ ಪ್ರಸಿದ್ಧನೊಬ್ಬ ಅದಕ್ಕೆ ಮುಂಚೆ ತನ್ನ ಜನರ ಸಣ್ಣ ಸಣ್ಣ ಊರುಗಳಿಗೆ ಹೋಗಿ ನುಡಿಸಿ ಬರೋಣ ಎಂದುಕೊಂಡದ್ದು ನನಗೆ ಬಹಳ ಹಿಡಿಸುತ್ತದೆ. ಆ ಸುತ್ತಾಟಕ್ಕೆಂದೇ 1891ರ ಕ್ರಿಸ್‌ಮಸ್ ಹೊತ್ತಿಗೆ ದ್ವೊರ್ಜಾಕ್ ಚೆಲ್ಲೊಗಾಗಿ ಜಿ ಮೈನರ್ ರೊಂಡೊ ಬರೆದುಕೊಟ್ಟ, ಪಿಯಾನೊಗೆ ಬರೆದಿದ್ದ ‘ಮೌನ ಕಾಡು’ ಎಂಬ ತುಣುಕನ್ನೂ ಚೆಲ್ಲೊಗೆ ಅಳವಡಿಸಿದ.

ಆದರೆ ಪೂರ್ತಿ ಕಾನ್ಚೆರ್ಟೊ ಬರೆಯಲು ಆತನಿಗೆ ಮನಸ್ಸಿರಲಿಲ್ಲ. ಚೆಲ್ಲೊ ಮೇಲಿನ ಸ್ಥಾಯಿಯಲ್ಲಿ ಮೂಗಿನಿಂದ ಹಾಡುತ್ತದೆ, ಕೆಳಗೆ ಗೊಣಗುತ್ತದೆ ಎಂಬುದು ಅವನ ದೂರಾಗಿತ್ತಂತೆ. ಮನಸ್ಸು ಬದಲಾದದ್ದು ನ್ಯೂಯಾರ್ಕ್‌ನಲ್ಲಿ. ತನ್ನ ಜೊತೆ ಕನ್ಸರ್ವೇಟರಿಯಲ್ಲಿ ಪಾಠ ಮಾಡುತ್ತಿದ್ದ ವಿಕ್ಟರ್ ಹರ್ಬರ್ಟ್‌ನ ಎರಡನೇ ಚೆಲ್ಲೊ ಕಾನ್ಚೆರ್ಟೊವನ್ನು 1894ರ ಮಾರ್ಚ್‌ನಲ್ಲಿ ಕೇಳಿದ ಮೇಲೆ. ಅದೇ ವರ್ಷ ನವೆಂಬರ್ 8ಕ್ಕೆ ಶುರುಮಾಡಿ 1895ರ ಫೆಬ್ರವರಿ 9ಕ್ಕೆ ಮುಗಿಸಿದ. ಊರಿಗೆ ಮರಳಿದ ಮೇಲೆ, ಮೇ ತಿಂಗಳಲ್ಲಿ, ಹೆಂಡತಿಯ ಅಕ್ಕ ಯೋಸೆಫೀನಾ ತೀರಿಕೊಂಡಳು. ಪ್ರಾಯದಲ್ಲಿ ಆತ ಮನಸ್ಸಿಟ್ಟಿದ್ದ ಹೆಣ್ಣು ಆಕೆ. ಆಕೆಗೆ ಇಷ್ಟವಾಗಿದ್ದ ತನ್ನದೇ ಹಾಡೊಂದನ್ನು ಎರಡನೇ ಭಾಗದಲ್ಲಿ ಆಗಲೇ ನೇಯ್ದಿದ್ದ. ಈಗ ಕೊನೆಯ ಭಾಗದ ಮುಕ್ತಾಯವನ್ನು ಹಿಗ್ಗಿಸಿ ಬರೆದು, ಆ ಹಾಡಿನ ನೆನಪನ್ನು ಅಲ್ಲೂ ತಂದ. ಅದನ್ನು ಮುಗಿಸಿದ್ದು ಜೂನ್ 11ಕ್ಕೆ.

ಆ ಬೇಸಿಗೆ ಕಳೆದ ಮೇಲೆ ಲುಝಾನಿಯ ಬಂಗಲೆಯೊಂದರಲ್ಲಿ ವಿಹಾನ್ ದ್ವೊರ್ಜಾಕ್‌ನ ಜೊತೆ ಕೂತು ಇಡೀ ಕೃತಿಯನ್ನು ನುಡಿಸಿ ನೋಡಿದ. ಚೆಲ್ಲೊ ಭಾಗದಲ್ಲಿ ಹಲವು ತಿದ್ದುಪಡಿ ಸೂಚಿಸಿದ. ಅವುಗಳಲ್ಲಿ ಕೆಲವನ್ನು ದ್ವೊರ್ಜಾಕ್ ಒಪ್ಪಿಕೊಂಡ. ಕೊನೆಯ ಭಾಗಕ್ಕೆ ಬೇಕೆಂದ ಕ್ಯಾಡೆನ್ಸಾವನ್ನು ಮಾತ್ರ ಒಪ್ಪಲಿಲ್ಲ. ಕ್ಯಾಡೆನ್ಸಾ ಅಂದರೆ ಆರ್ಕೆಸ್ಟ್ರಾ ಸುಮ್ಮನಾಗಿ ಮುಖ್ಯ ವಾದಕ ಒಬ್ಬನೇ ತನ್ನ ಕೈಚಳಕ ತೋರಿಸುವ ಜಾಗ. ನಮ್ಮ ತನಿ ಆವರ್ತನ ನೆನಪಾದರೆ ತಪ್ಪಿಲ್ಲ, ಆದರೆ ತನಿ ಸಿಗುವುದು ಪಕ್ಕವಾದ್ಯದವರಿಗೆ, ಇದು ಸಿಗುವುದು ಮುಖ್ಯ ಕಲಾವಿದನಿಗೆ. ತಾನು ಬರೆದಂತೆಯೇ ಅಚ್ಚಾಗಬೇಕು, ಯಾರೂ, ಗೆಳೆಯ ವಿಹಾನ್ ಕೂಡ, ಬದಲಾಯಿಸಕೂಡದು ಎಂದು ದ್ವೊರ್ಜಾಕ್ ಪ್ರಕಾಶಕ ಜಿಮ್ರೋಕ್‌ಗೆ ಅಕ್ಟೋಬರ್‌ನಲ್ಲಿ ಖಡಾಖಂಡಿತವಾಗಿ ಬರೆದ.

ದ್ವೊರ್ಜಾಕ್ ಮಾಡಿದ್ದು ಸರಿ. ಅದರಲ್ಲಿ ನನಗೆ ಸಂಶಯವಿಲ್ಲ. ದೀಪ ಸಣ್ಣಗಾಗುತ್ತ ಹೋಗುವ ಹಾಗೆ ಬರೆದ ಮುಕ್ತಾಯದ ನಡುವೆ ಕಸರತ್ತಿಗೆ ಜಾಗವಿರಲಿಲ್ಲ. ವಿಹಾನ್ ಕೇಳಿದ್ದು ಆ ಕಾಲದ ರೂಢಿ, ಕಾನ್ಚೆರ್ಟೊ ಅಂದಮೇಲೆ ಕ್ಯಾಡೆನ್ಸಾ ಇರಬೇಕು ಎಂಬ ರೂಢಿ. ಅದರಲ್ಲಿ ಸ್ವಲ್ಪ ಆಸೆಯೂ ಇದ್ದಿರಬಹುದು. ಇಪ್ಪತ್ತು ವರ್ಷ ಕೆಳಸ್ವರ ಹಿಡಿಯಲು ಕೂತವನಿಗೆ ಒಂದು ಸಲ, ಒಂದೆರಡು ನಿಮಿಷ, ಎಲ್ಲರೂ ಸುಮ್ಮನಿದ್ದು ತನ್ನನ್ನೇ ಕೇಳಲಿ ಎಂದು ಅನ್ನಿಸಿದರೆ ಅದನ್ನು ಅಹಂಕಾರ ಎನ್ನಲು ನನ್ನ ನಾಲಗೆ ಏಳುವುದಿಲ್ಲ.

ಆದರೆ ಮೊದಲ ಪ್ರದರ್ಶನ ತಪ್ಪಿಹೋದದ್ದು ಈ ಜಗಳದಿಂದಲ್ಲ. ಲಂಡನ್‌ನ ಫಿಲ್‌ಹಾರ್ಮೋನಿಕ್ ಸೊಸೈಟಿ 1896ರ ಮಾರ್ಚ್ 19 ಎಂದು ದಿನ ಗೊತ್ತುಮಾಡಿತು. ಆ ದಿನಗಳಲ್ಲಿ ವಿಹಾನ್‌ಗೆ ಕ್ವಾರ್ಟೆಟ್‌ನ ಕಛೇರಿಗಳಿದ್ದವು. ಆತ ಬರಲಾಗುವುದಿಲ್ಲ ಎಂದಾದಾಗ ಸೊಸೈಟಿ ಲಿಯೊ ಸ್ಟರ್ನ್ ಎಂಬ ಇಂಗ್ಲಿಷ್ ವಾದಕನನ್ನು ಗೊತ್ತುಮಾಡಿತು. ಆಗ ಪೇಚಿಗೆ ಸಿಕ್ಕಿದವನು ದ್ವೊರ್ಜಾಕ್. ವಿಹಾನ್‌ಗೆ ಮಾತು ಕೊಟ್ಟಿದ್ದೇನೆ, ಬೇರೆಯವರು ನುಡಿಸುವುದಾದರೆ ನಾನು ಬರುವುದೇ ಇಲ್ಲ ಎಂದು ಲಂಡನ್ನಿಗೆ ಬರೆದ. ಜಗಳವಾಡಿ ಕೈಬಿಟ್ಟವನು ಬರೆಯುವ ಕಾಗದವೇ ಇದು? ಕೊನೆಗೆ ಹೇಗೋ ಎಲ್ಲ ಹೊಂದಿತು. ಸ್ಟರ್ನ್ ಪ್ರಾಗ್‌ಗೆ ಬಂದು ದ್ವೊರ್ಜಾಕ್‌ನ ಎದುರು ಕೂತು ಅಭ್ಯಾಸ ಮಾಡಿದ, ಲಂಡನ್‌ನ ಕ್ವೀನ್ಸ್ ಹಾಲ್‌ನಲ್ಲಿ ದ್ವೊರ್ಜಾಕ್‌ನ ನಿರ್ದೇಶನದಲ್ಲೇ ನುಡಿಸಿದ. ಮುಂದಿನ ತಿಂಗಳು ಪ್ರಾಗ್‌ನಲ್ಲಿ ಅದನ್ನು ಮೊದಲು ನುಡಿಸಿದವನೂ ಸ್ಟರ್ನೇ. ಅರ್ಪಣೆಯಲ್ಲಿ ಹೆಸರು ಮಾತ್ರ ವಿಹಾನ್‌ನದೇ ಉಳಿಯಿತು.

ಅಂದರೆ ತನಗಾಗಿ ಬರೆದ ಕೃತಿಯನ್ನು ಜಗತ್ತಿನೆದುರು ಮೊದಲು ನುಡಿಸುವ ಸಂಜೆ ಒಂದು ಕಡೆ, ಮೂವರು ಹುಡುಗರ ಜೊತೆ ಮೊದಲೇ ಒಪ್ಪಿಕೊಂಡಿದ್ದ ಕಛೇರಿಗಳು ಇನ್ನೊಂದು ಕಡೆ. ಆತ ನಡೆದದ್ದು ಎರಡನೆಯದರ ಕಡೆಗೆ. ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು, ಹಲ್ಲು ಕಚ್ಚಿಕೊಂಡೇ ಹೋಗಿರಬಹುದು. ಆದರೆ ಹೋದ. ಕ್ವಾರ್ಟೆಟ್‌ನಲ್ಲಿ ಒಬ್ಬ ಬರದಿದ್ದರೆ ಉಳಿದ ಮೂವರು ಸೇರಿ ಆ ಕೃತಿ ನುಡಿಸಲಾಗುವುದಿಲ್ಲ.

ನನ್ನ ಸೋದರಮಾವ ಮಾಟುಂಗಾದಲ್ಲಿದ್ದರು. ಬ್ಯಾಂಕಿನ ಕೆಲಸ, ಸಂಜೆ ಮತ್ತು ರಜೆಯಲ್ಲಿ ಪಿಟೀಲು ಪಕ್ಕವಾದ್ಯ. ಒಂದು ವರ್ಷ ಅವರಿಗೆ ಬೇರೆ ಊರಿನ ಸಭೆಯೊಂದು ಸೋಲೊ ಕಛೇರಿಗೆ ಕರೆಯಿತು. ಅದೇ ದಿನ ಇಲ್ಲಿ ಹೊಸ ಹುಡುಗಿಯೊಬ್ಬಳ ಮೊದಲ ಕಛೇರಿಗೆ ಪಕ್ಕವಾದ್ಯ ನುಡಿಸುತ್ತೇನೆಂದು ಒಪ್ಪಿದ್ದರು. ಮಾವ ಇಲ್ಲೇ ಉಳಿದರು. ಅತ್ತೆ ಎರಡು ದಿನ ಮಾತು ಬಿಟ್ಟರು. ಆ ಸಭೆ ಮತ್ತೆ ಕರೆಯಲಿಲ್ಲ. ಮಾವ ತೀರಿಕೊಂಡಾಗ ಬಂದವರಲ್ಲಿ ಹಲವರು, ‘ಅಷ್ಟು ವಿದ್ಯೆಯಿತ್ತು, ಮೇಲೆ ಬರಲಿಲ್ಲ ನೋಡಿ’ ಎಂದರು. ನಾನೂ ತಲೆಯಾಡಿಸಿದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಎಲ್ಲಿಂದ ಎಲ್ಲಿಗೆ ಮೇಲೆ?

ವಿಹಾನ್ ಪರವಾಗಿ ವಾದಿಸಲು ನನಗೆ ಸಿಗುವ ದೊಡ್ಡ ಸಾಕ್ಷಿ ಕಾನ್ಚೆರ್ಟೊವೇ. ಮುಂದಿನ ಸಲ ಕೇಳುವಾಗ ಚೆಲ್ಲೊ ಏನು ಮಾಡುತ್ತಿದೆ ಎಂದು ಬೇರೆ ಕಿವಿಯಿಂದ ಕೇಳಿ. ಮೊದಲ ಭಾಗದ ನಡುವೆ ಮುಖ್ಯ ರಾಗ ನಿಧಾನವಾಗಿ, ದೂರದಿಂದ ಬಂದಂತೆ ಬರುವ ಜಾಗವಿದೆ. ಅಲ್ಲಿ ಚೆಲ್ಲೊ ಹಾಡುತ್ತದೆ, ಸ್ವಲ್ಪ ಹೊತ್ತಿಗೆ ಹಾಡನ್ನು ಗಾಳಿವಾದ್ಯಗಳ ಕೈಗೆ ಕೊಟ್ಟು ತಾನು ಅದರ ಸುತ್ತ ಬಳ್ಳಿ ಹೆಣೆಯುತ್ತ ಕೂರುತ್ತದೆ. ಎರಡನೇ ಭಾಗದಲ್ಲಿ ಒಂಟಿಯಾಗಿ ನುಡಿಸುವಂತೆ ಕಾಣುವ ಕಡೆಯಲ್ಲೂ ಕೊಳಲು ಜೊತೆಗಿರುತ್ತದೆ. ಕೊನೆಯ ಭಾಗದಲ್ಲಿ ಆರ್ಕೆಸ್ಟ್ರಾದ ಮೊದಲ ಪಿಟೀಲಿನವನು ಎದ್ದು ಬಂದಂತೆ ಚೆಲ್ಲೊ ಜೊತೆ ಮಾತಿಗೆ ಕೂರುತ್ತಾನೆ, ಇಬ್ಬರೂ ಹಳೇ ಗೆಳೆಯರ ಹಾಗೆ. ಸೋಲೊ ವಾದಕ ಪಕ್ಕವಾದ್ಯವೂ ಆಗಬೇಕಾದ ಕೃತಿ ಇದು. ಕೆಲವು ದೊಡ್ಡ ಹೆಸರಿನವರ ಧ್ವನಿಮುದ್ರಣಗಳಲ್ಲಿ ಇಂಥ ಕಡೆಯಲ್ಲೂ ಚೆಲ್ಲೊ ಮುಂದೆಯೇ ನಿಂತಿರುತ್ತದೆ, ಕೊಳಲು ಎಲ್ಲೋ ಹಿಂದೆ. ನನಗೆ ಅವು ಸೇರುವುದಿಲ್ಲ. 1892ರ ಐದು ತಿಂಗಳು ವಿಹಾನ್‌ನ ಪಕ್ಕ ಪಿಯಾನೊ ಮುಂದೆ ಕೂತು ಅವನ ಬಿಲ್ಲು ಯಾವಾಗ ಮುಂದೆ ಬರುತ್ತದೆ, ಯಾವಾಗ ಹಿಂದೆ ಸರಿಯುತ್ತದೆ ಎಂದು ಕೇಳಿದ್ದ ಕಿವಿಯಿಂದಲೇ ದ್ವೊರ್ಜಾಕ್ ಈ ಜಾಗಗಳನ್ನು ಬರೆದ ಎಂದು ನಾನು ನಂಬುತ್ತೇನೆ. ಕ್ಯಾಡೆನ್ಸಾ ಬೇಡ ಎಂದದ್ದೂ ವಿಹಾನ್‌ನಲ್ಲಿದ್ದ ಈ ಗುಣವನ್ನು ನೆಚ್ಚಿಕೊಂಡೇ ಇರಬೇಕು.

ಈ ಮಾತು ನಮ್ಮ ಮನೆಗಳಿಗೂ ಬರುತ್ತದೆ. ಪುಣೆಯಲ್ಲೋ ಚೆನ್ನೈಯಲ್ಲೋ ಮಕ್ಕಳನ್ನು ಸಂಗೀತಕ್ಕೆ ಸೇರಿಸಿದ ಮರುವರ್ಷವೇ ನಾವು ಕೇಳುವುದು ಸ್ಟೇಜ್ ಯಾವಾಗ, ಸ್ಪರ್ಧೆ ಯಾವಾಗ, ಟಿ.ವಿ. ಯಾವಾಗ ಎಂದು. ನಾನು ಕಂಡ ಮೇಷ್ಟ್ರೊಬ್ಬರು ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಒಬ್ಬರು ಹಾಡುವಾಗ ಇನ್ನೊಬ್ಬರು ಬರೀ ಶ್ರುತಿ ಹಿಡಿಯಬೇಕು ಎಂದು ಅರ್ಧ ಗಂಟೆ ಕಲಿಸುತ್ತಿದ್ದರು. ‘ಫೀಸು ಕೊಟ್ಟು ಸುಮ್ಮನೆ ಆ ಅಂತ ಕೂರಿಸ್ತಾರೆ’ ಎಂದು ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು.

ವಿಹಾನ್ ಕಾನ್ಚೆರ್ಟೊವನ್ನು ಆರ್ಕೆಸ್ಟ್ರಾ ಜೊತೆ ಸಾರ್ವಜನಿಕವಾಗಿ ಮೊದಲು ನುಡಿಸಿದ್ದು 1899ರ ಜನವರಿ 25ರಂದು, ಹೇಗ್ ನಗರದಲ್ಲಿ, ಮೆಂಗೆಲ್‌ಬರ್ಗ್ ನಿರ್ದೇಶನದ ಆಮ್‌ಸ್ಟರ್‌ಡ್ಯಾಂ ಆರ್ಕೆಸ್ಟ್ರಾದೊಂದಿಗೆ. ಅದೇ ವರ್ಷ ಡಿಸೆಂಬರ್ 20ರಂದು ಬುಡಾಪೆಸ್ಟ್‌ನಲ್ಲಿ ದ್ವೊರ್ಜಾಕ್ ಕೋಲು ಹಿಡಿದು ನಿಂತ, ವಿಹಾನ್ ಚೆಲ್ಲೊ ಹಿಡಿದು ಕೂತ. ಅಷ್ಟು ಹೊತ್ತಿಗೆ ಸುಕ್ ದ್ವೊರ್ಜಾಕ್‌ನ ಅಳಿಯನಾಗಿದ್ದ. ಕ್ವಾರ್ಟೆಟ್‌ನ ಓಡಾಟ ಮುಂದುವರಿಯಿತು. 1906ರಲ್ಲಿ ನೆಡ್‌ಬಾಲ್ ತಂಡ ಬಿಟ್ಟ, ಕಾರಣ ಸಂಗೀತದ್ದಲ್ಲ, ಅವನ ಜಾಗಕ್ಕೆ ಯಿರ್ಝಿ ಹೆರೋಲ್ಡ್ ಬಂದ. ವಿಹಾನ್ ತನ್ನ ಕುರ್ಚಿಯಲ್ಲೇ ಇದ್ದ. ಆತ ಎದ್ದದ್ದು 1914ರಲ್ಲಿ, ಐವತ್ತೊಂಬತ್ತರ ಹೊತ್ತಿಗೆ. ಲಾಡಿಸ್ಲಾವ್ ಝೆಲೆಂಕಾ ಎಂಬ ಕಿರಿಯ ಬಂದು ಕೂತ. 1920ರ ಮೇ 1ರಂದು ವಿಹಾನ್ ಪ್ರಾಗ್‌ನಲ್ಲಿ ತೀರಿಕೊಂಡ.

1920ರ ದಶಕದ ಕೊನೆಗೆ ಚೆಕ್ ಕ್ವಾರ್ಟೆಟ್‌ನ ಧ್ವನಿಮುದ್ರಣಗಳು ಬಂದವು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತವೆ. ಸ್ಮೆತಾನಾನ ಆ ಕೃತಿಯೂ ಅದರಲ್ಲಿದೆ, ಗರಗರ ಸದ್ದಿನ ನಡುವೆ. ಅದರಲ್ಲಿ ಕೇಳುವ ಚೆಲ್ಲೊ ಝೆಲೆಂಕಾನದು. ಪಿಟೀಲು ಹಿಡಿದವರು ಮಾತ್ರ ಅದೇ ಹಾಫ್‌ಮನ್, ಅದೇ ಸುಕ್. ಹಾಫ್‌ಮನ್‌ನ ಎತ್ತರದ ಸ್ವರ ಬರುವ ಕಡೆ ಸುಕ್, ಹೆರೋಲ್ಡ್, ಝೆಲೆಂಕಾ ಮೂವರೂ ಕೆಳಗೆ ನಡುಗುತ್ತಾರೆ, ಯಾರೂ ಯಾರನ್ನೂ ಮೀರದ ಹಾಗೆ.